ಬಿಸಿಲಲ್ಲಿ ವೈಪರ್ ಹಾಕಿಕೊಂಡು ಕಾಗವಾಡಕ್ಕೆ

ನಿಪ್ಪಾಣಿಯಿಂದ ಹೊರಟಾಗ ಹೊಲಗಳ ಮೇಲೆ ಮಂಜು ಇನ್ನೂ ಮಲಗಿತ್ತು. ನಮ್ಮ ಓಣಿಯ ಡ್ರೈವರ್ ಮೈಬೂನ ಟ್ರಕ್ಕಿನಲ್ಲಿ ಗೊಬ್ಬರದ ಚೀಲಗಳು. ಅವುಗಳ ನಡುವೆ, ಕೌದಿ ಸುತ್ತಿಕೊಂಡ ನಮ್ಮ ಮನೆಯ ತೊಟ್ಟಿಲು. ನಮ್ಮನ್ನೆಲ್ಲ ತೂಗಿದ ತೊಟ್ಟಿಲು ಅದು. ಸಂಜೆ ದೀಪ ಹಚ್ಚುವ ಹೊತ್ತಿಗೆ ಕಾಗವಾಡದಲ್ಲಿ ತಂಗಿಯ ಮೊಮ್ಮಗಳನ್ನು ಅದರಲ್ಲಿ ಹಾಕಿ ಹೆಸರಿಡುವುದಿತ್ತು. ಚೀಲ ಇಳಿಸಬೇಕಾದ್ದರಿಂದ ರಾಯಬಾಗ, ಅಥಣಿಯ ಸುತ್ತು ದಾರಿ. ನನಗೇನೂ ಬೇಸರವಿರಲಿಲ್ಲ. ಈ ವಯಸ್ಸಿನ ಅಜ್ಜಿಯನ್ನು ಲಾಂಗ್ ಡ್ರೈವ್‌ಗೆ ಯಾರು ಕರೆಯುತ್ತಾರೆ?

ಚಿಕ್ಕೋಡಿಯಲ್ಲಿ ಮಿರ್ಚಿ ಭಜಿ, ಚಹಾ ಮುಗಿಸಿ ಬಂದರೆ ಡ್ಯಾಶ್‌ಬೋರ್ಡಿನ ಪುಟ್ಟ ಫ್ಯಾನ್ ಇನ್ನೂ ಮೆಲ್ಲಗೆ ತಿರುಗುತ್ತಿತ್ತು. ಕೀಲಿ ತಿರುವಿದರೆ ಟ್ರಕ್ ಮಾತ್ರ ಟಕ್ ಟಕ್ ಎಂದು ಸುಮ್ಮನಾಯಿತು. ಫ್ಯಾನನ್ನು ಮೈಬೂ ನೇರ ಬ್ಯಾಟರಿಗೇ ಕಟ್ಟಿ, ರಾತ್ರಿಯಿಡೀ ಬಿಟ್ಟು ಮಲಗಿದ್ದನಂತೆ. ನಿಪ್ಪಾಣಿಯಲ್ಲಿ ಹೇಗೋ ಎದ್ದ ಬ್ಯಾಟರಿ ಇಲ್ಲಿ ಕೈಚೆಲ್ಲಿತ್ತು.

ಹಮಾಲರು ತಳ್ಳಿ ಎಂಜಿನ್ ಎಬ್ಬಿಸಿದರು. "ಕೀಲಿ ತಗದ್ರ ಕರೆಂಟ್ ಬಂದ್ ಆಗೋ ತಂತಿಗೆ ಹಚ್ಚಲೇ, ಶಾಣ್ಯಾ," ಎಂದ ಒಬ್ಬ ಹಿರಿಯ ಡ್ರೈವರ್.

ಎಲೆಕ್ಟ್ರಿಷಿಯನ್ ಇನ್ನೂ ಅಂಗಡಿ ತೆರೆದಿರಲಿಲ್ಲ. "ನಂಗ ಗೊತ್ತೈತ್ರಿ ಆಯಿ," ಎಂದು ಮೈಬೂ ತಾನೇ ಯಾವುದೋ ತಂತಿಗೆ ಜೋಡಿಸಿದ.

ಬಿಸಿಲೇರಿದಾಗ ಸ್ವಿಚ್ ಒತ್ತಿದರೆ ಫ್ಯಾನ್ ಕದಲಲಿಲ್ಲ. ಗಾಜಿನ ಧೂಳು ಒರೆಸಲು ವೈಪರ್ ಹಾಕಿದ, ನೋಡಿ, ಫ್ಯಾನೂ ಎದ್ದಿತು!

"ಮೈಬೂ, ವಾಟ್ ಈಸ್ ದಿಸ್?"

"ವೈಪರ್ ತಂತಿಗೇ ಹಚ್ಚೇನಿ ಕಾಣ್ತೈತ್ರಿ. ಗಾಳಿ ಬೇಕಂದ್ರ ಎರಡೂ ಬೇಕು."

ಎಂಜಿನ್ ಆರಿಸದೆಯೇ ರಾಯಬಾಗದಲ್ಲಿ ಚೀಲ ಇಳಿಸಿದೆವು. ಆರಿದರೆ ಮತ್ತೆ ಏಳುತ್ತದೋ ಇಲ್ಲವೋ. ತೊಟ್ಟಿಲು ದಾರಿಯಲ್ಲೇ ಉಳಿದರೆ ಕೂಸಿಗೇನು ಹೇಳುವುದು? ಹಮಾಲನೊಬ್ಬ ಗಾಜಿನತ್ತ ನೋಡಿ ನಕ್ಕ. "ಮೈಬೂ, ಮಳಿ ನಿನಗೊಬ್ಬಗ ಬಂದೈತೇನಲೇ?"

"ನಮ್ಮ ಆಯಿಗೆ ಸೆಕಿ ಆಗೈತಲೇ, ಅದಕ್ಕ ತರಿಸೇನಿ!"

ಕುಡಚಿಯ ಹತ್ತಿರ ಕೃಷ್ಣೆಯನ್ನು ದಾಟಿದೆವು. ಮೋಡವೇ ಇಲ್ಲದ ಆಕಾಶವನ್ನು ವೈಪರ್ ಒರೆಸುತ್ತಿತ್ತು. ಪ್ರತಿ ಸಲ ಒರೆಸಿದಾಗಲೂ ನದಿ ಹೊಸದಾಗಿ ಕಂಡಂತಾಯಿತು. ಕಿರ್ ಕಿರ್ ಸದ್ದೂ ಲಲಬೈ ಆಗಿ, ನಾನು ಅಮ್ಮನ ಕೈ ತೊಟ್ಟಿಲು ತೂಗುವುದನ್ನು ಅರೆನಿದ್ದೆಯಲ್ಲಿ ನೋಡುತ್ತಿದ್ದೆ.

ಅಥಣಿಯಲ್ಲಿ ಎಲೆಕ್ಟ್ರಿಷಿಯನ್ ಬಾಳಣ್ಣ ತಂತಿ ನೋಡಿ ಹಣೆ ಬಡಿದುಕೊಂಡ. "ಯಾವ ಪುಣ್ಯಾತ್ಮ ಜೋಡಿಸ್ಯಾನ್ರಿ ಇದನ್ನ?"

ಮೈಬೂ ಗಡ್ಡ ಕೆರೆದುಕೊಂಡ. "ಚಿಕ್ಕೋಡಿಯೊಳಗ ಯಾರೋ," ಎಂದೆ ನಾನು.

ಮೈಬೂ ಬ್ಯಾಟರಿ ನೀರು ನೋಡಲು ಹೋದ. ಕೀಲಿ ನನ್ನ ಪಾಲಿಗೆ ಬಂತು. ಡ್ರೈವರ್ ಸೀಟಿನಲ್ಲಿ ಕುಳಿತದ್ದು ಜೀವನದಲ್ಲಿ ಅದೇ ಮೊದಲು. ಬಾಳಣ್ಣ ಫ್ಯೂಸುಗಳಿಗೆ ಒಂದೊಂದಾಗಿ ಪುಟ್ಟ ಟೆಸ್ಟ್ ಲ್ಯಾಂಪ್ ತಾಗಿಸುತ್ತ, "ತಿರುವ್ರಿ ಆಯಿ... ಬಂದ್ ಮಾಡ್ರಿ," ಎನ್ನುತ್ತಿದ್ದ. ಒಂದು ಫ್ಯೂಸಿನಲ್ಲಿ ಕೀಲಿ ತೆಗೆದರೂ ದೀಪ ಉರಿಯಿತು. ಇನ್ನೊಂದರಲ್ಲಿ ಉರಿಯಲೇ ಇಲ್ಲ. ಮೂರನೆಯದರಲ್ಲಿ ಕೀಲಿ ತಿರುಗಿಸಿದಾಗ ಕಣ್ಣು ಬಿಟ್ಟು, ತೆಗೆದಾಗ ಮುಚ್ಚಿತು. ಕರೆದರೆ ಏಳುವ, ಹೇಳಿದರೆ ಮಲಗುವ, ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳು ಮೆಚ್ಚುವಂಥ ವೆಲ್-ಮ್ಯಾನರ್ಡ್ ತಂತಿ!

"ಹಾಂ, ಇದ ಖರೆ," ಎಂದು ಬಾಳಣ್ಣ ಫ್ಯಾನನ್ನು ಅದಕ್ಕೇ ಜೋಡಿಸಿ, ನಡುವೆ ಒಂದು ಫ್ಯೂಸನ್ನೂ ಹಾಕಿದ.

ಕಾಗವಾಡ ಮುಟ್ಟಿದಾಗ ದ್ರಾಕ್ಷಿ ತೋಟಗಳ ಮೇಲೆ ಕೆಂಪು ಉಳಿದಿತ್ತು. ಮೈಬೂ ಕೀಲಿ ತೆಗೆದ. ಫ್ಯಾನ್ ನಿಧಾನವಾಗಿ ನಿಂತಿತು. ತೊಟ್ಟಿಲು ಒಳಗೆ ಹೋಯಿತು, ದೀಪ ಹಚ್ಚಿದರು, ಅಳುತ್ತಿದ್ದ ಕೂಸು ಎರಡು ಸಲ ತೂಗಿದ್ದಕ್ಕೇ ಸುಮ್ಮನಾಯಿತು.

ಬೆಳಿಗ್ಗೆ ಮೈಬೂ ಹೊರಡುವಾಗ ಅಂಗಳದಲ್ಲಿ ಉಸಿರು ಹಿಡಿದು ನಿಂತೆ. ಒಂದೇ ಕೀಲಿಗೆ ಟ್ರಕ್ ಎದ್ದಿತು. ತಿರುವಿನಲ್ಲಿ ಮೈಬೂ ಕೈ ಬೀಸಲಿಲ್ಲ. ಆ ಒಣ ಬಿಸಿಲಿನಲ್ಲಿ ವೈಪರನ್ನು ಎರಡು ಸಲ ಆಡಿಸಿದ.