ಸೋಮವಾರ ಮಾತ್ರ ಮಾತಾಡುವ ಟೆಲಿಫೋನು

ಹಳ್ಳಿಯ ಹೆಣ್ಣುಮಗಳಿಗೆ ಟೆಲಿಫೋನಿನ ಹಿಡಿಕೆ ತಿರುವಲು ಎಂದೂ ಬರಲಾರದು ಎಂದವರು ನಮ್ಮ ಸೂಪರ್‌ವೈಜರ್ ಸಾಹೇಬರು. ಕುರಿ ಕಾಯುವವರ ಮಗ ಲೈನಿನ ದೋಷ ಹಿಡಿಯುವುದು ಆಗದ ಮಾತು ಎಂದವರೂ ಅವರೇ. ನಾನು ಹೊರ್ತಿ ಕಡೆಯ ಕುರುಬರ ಮನೆತನದವನು, ನಮ್ಮ ವಂಶದಲ್ಲೇ ಮೊದಲು ಬಿ.ಎಸ್‌ಸಿ. ಪಾಸಾದವನು. ಆ ಎರಡು ಮಾತನ್ನೂ ನಾನು ಮರೆತಿಲ್ಲ.

೧೯೭೪. ಬಸವನ ಬಾಗೇವಾಡಿ ತಾಲೂಕಿನ ಒಂದು ಸಣ್ಣ ಎಕ್ಸ್‌ಚೇಂಜಿನಲ್ಲಿ ನಾನು ಫೋನ್ ಇನ್ಸ್‌ಪೆಕ್ಟರ್. ಆಗಿನ ಹಳ್ಳಿಯ ಫೋನಿಗೆ ನಂಬರು ತಿರುಗಿಸುವ ಚಕ್ರವಿರಲಿಲ್ಲ. ಪಕ್ಕದ ಹಿಡಿಕೆಯನ್ನು ಗರಗರ ತಿರುವಿದರೆ ಕರೆಂಟು ಹುಟ್ಟಿ ತಂತಿಯಲ್ಲಿ ಬಂದು, ನಮ್ಮ ಬೋರ್ಡಿನ ಮೇಲೆ ಆ ಊರಿನ ಹಿತ್ತಾಳೆಯ ಮುಚ್ಚಳ ಬೀಳುತ್ತಿತ್ತು. ಮುಚ್ಚಳ ಬಿದ್ದರೆ ಆಪರೇಟರ್ ಮಾತಾಡುತ್ತಾನೆ. ಬೀಳದಿದ್ದರೆ, ಬೋರ್ಡಿನ ಪಾಲಿಗೆ ಆ ಫೋನು ಇಲ್ಲವೇ ಇಲ್ಲ. ಅಲ್ಲಿ ಕೈ ಸೋಲುವಂತೆ ತಿರುವಿದರೂ ಇಲ್ಲ.

ಗೊಳಸಂಗಿ ದಾರಿಯ ಒಂದು ಹಳ್ಳಿಯಲ್ಲಿ ಹೀಗಾಗಿತ್ತು. ಅಲ್ಲಿನ ಪೋಸ್ಟಾಫೀಸು ಶಕುಂತಲಾ ಎಂಬ ಹೆಣ್ಣುಮಗಳ ಮನೆಯ ಪಡಸಾಲೆಯಲ್ಲಿತ್ತು, ಫೋನೂ ಅಲ್ಲೇ; ಎರಡನ್ನೂ ನೋಡಿಕೊಳ್ಳುವವಳು ಆಕೆಯೇ. ಮಳೆಗಾಲದಲ್ಲಿ ಹಾಕಿದ ಲೈನು ದೀಪಾವಳಿಯವರೆಗೆ ಸರಿಯಿತ್ತು. ಆಮೇಲೆ ದೂರಿನ ಮೇಲೆ ದೂರು. ಎರಡು ಸಲ ಲೈನ್‌ಮನ್‌ನನ್ನು ಕಳಿಸಿ ಫೋನಿನ ಪೆಟ್ಟಿಗೆ ಬದಲಿಸಿದೆವು. ಎರಡು ಸಲವೂ ಕುರ್ಚಿ ಬಿಡದೆ ಬರೆದ ರಿಪೋರ್ಟು ಒಂದೇ: ‘ಉಪಕರಣ ಸರಿಯಿದೆ. ಬಳಸುವವರಿಗೆ ತಿಳಿವಳಿಕೆಯಿಲ್ಲ.’ ಎರಡನೆಯದಕ್ಕೆ ಸಹಿ ಹಾಕಿದವನು ನಾನೇ. ಮಾಘದಲ್ಲಿ ಆ ಊರಿನ ಒಬ್ಬನಿಗೆ ಹಾವು ಕಚ್ಚಿತು. ಜೀಪು ಕರೆಸಲು ಶಕುಂತಲಾ ಅಂಗೈಗೆ ಬೊಬ್ಬೆ ಬರುವಂತೆ ತಿರುವಿದಳು. ನಮ್ಮಲ್ಲಿ ಮುಚ್ಚಳ ಬೀಳಲಿಲ್ಲ. ಎತ್ತಿನ ಚಕ್ಕಡಿಯಲ್ಲಿ ಆಸ್ಪತ್ರೆಗೆ ಹೋದವನು ಬದುಕಿದ, ಕಾಲು ಉಳಿಯಲಿಲ್ಲ. ಅದಕ್ಕೂ ಆಕೆಗೇ ನೋಟೀಸು: ತಿಂಗಳೊಳಗೆ ಸುಧಾರಿಸದಿದ್ದರೆ ಫೋನೂ ಪೋಸ್ಟಾಫೀಸೂ ಬೇರೆ ಊರಿಗೆ. ಅಂದರೆ ಆಕೆಯ ನೌಕರಿ ಹೋದಂತೆ.

ಆಗ ಸೈಕಲ್ ಹತ್ತಿದೆ. ಯುಗಾದಿ ಮುಗಿದಿತ್ತು.

“ಇದು ಮೂರನೇ ಡಬ್ಬಿ ಐತ್ರಿ ಸಾಹೇಬ್ರ. ಇನ್ನ ನನ್ನ ಕೈನ ಬದಲಿ ಮಾಡಬೇಕ್ರಿ,” ಎಂದಳು ಶಕುಂತಲಾ.

ಆಕೆ ಹಿಡಿಕೆ ತಿರುವುವುದನ್ನು ನೋಡಿದೆ. ನನಗಿಂತ ಚಲೋ ತಿರುವುತ್ತಿದ್ದಳು. ಪೆಟ್ಟಿಗೆ ಬಿಚ್ಚಿದೆ, ಸೆಲ್ ಬದಲಿಸಿದೆ, ಕಂಬದಿಂದ ಕಂಬಕ್ಕೆ ತಂತಿ ನೋಡುತ್ತ ನಡೆದೆ. ಎಲ್ಲ ಸರಿ, ಫೋನು ಮಾತ್ರ ಸತ್ತದ್ದು. ಹಳೆಯ ರಿಪೋರ್ಟನ್ನೇ ಮತ್ತೆ ಬರೆಯುವ ಹಂತಕ್ಕೆ ಬಂದಿದ್ದೆ. ಅಷ್ಟರಲ್ಲಿ ಆಕೆ ಒಂದು ಪಟ್ಟಿ ತಂದಿಟ್ಟಳು. ಯಾವ ದಿನ ಎಷ್ಟು ಸಲ ತಿರುವಿದ್ದು, ಯಾವತ್ತು ಲೈನು ಸಿಕ್ಕಿದ್ದು, ಎಲ್ಲ ಬರೆದಿದ್ದಳು. ಸಿಕ್ಕಿದ್ದೆಲ್ಲ ಸೋಮವಾರ.

“ಅಕ್ಕಾರ, ಸೋಮವಾರ ಏನ ಮಾಡ್ತೀರಿ?”

ಉತ್ತರ ಬಂದದ್ದು ಒಳಗಿನಿಂದ, ಆಕೆಯ ಅತ್ತೆ ನೀಲವ್ವನದು: “ಸೋಮಾರ ಬಸವಣ್ಣನ ವಾರ. ನಾಕ ಕೊಡ ನೀರ ಹಾಕಿ ಅಂಗಳಾ ತೊಳೀತೇನಿ. ಅದಕ್ಕೂ ಸರಕಾರದ ಪರವಾನಗಿ ಬೇಕೇನೋ ತಮ್ಮಾ?”

“ಆ ನೀರ ಎಲ್ಲಿಗಿ ಹೋಗ್ತೈತಬೇ?”

ಮುದುಕಿ ಹೊರಗೆ ಬಂದು ಅಂಗಳದ ಗೋಡೆಯ ಮೂಲೆಗೆ ಕೈ ತೋರಿದಳು. ಅಲ್ಲಿ ನಮ್ಮ ಅರ್ಥ್ ಪೈಪು ಇತ್ತು.

ಹಳ್ಳಿಯ ಲೈನಿಗೆ ತಂತಿ ಒಂದೇ. ಕರೆಂಟು ತಿರುಗಿ ಬರುವ ದಾರಿ ನೆಲ, ನೆಲಕ್ಕೆ ಇಳಿಯುವ ದಾರಿ ಆ ಪೈಪು. ನಮ್ಮ ಕಪ್ಪು ಮಣ್ಣಿನ ಎರಿ ಭೂಮಿ ಮಳೆ ನಿಂತ ಮೇಲೆ ಒಣಗುತ್ತ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ; ಒಣ ನೆಲದಲ್ಲಿ ಕರೆಂಟು ಹರಿಯದು, ಹಸಿ ಉಳಿಯುವುದು ಆಳದಲ್ಲಿ ಮಾತ್ರ. ಪೈಪಿನ ಬುಡಕ್ಕೆ ಎರಡು ಕೊಡ ನೀರು ಸುರಿಸಿ ಹಿಡಿಕೆ ತಿರುವಿಸಿದೆ. “ನಂಬರ್ ಪ್ಲೀಸ್” ಎಂದಿತು ಎಕ್ಸ್‌ಚೇಂಜು. ಅಗೆದು ನೋಡಿದರೆ, ಎಂಟು ಅಡಿ ಆಳಕ್ಕೆ ಇಳಿದಿರಬೇಕಾದ ಪೈಪು ಎರಡೇ ಅಡಿಗೆ ಕೈಗೆ ಬಂತು. ತುದಿಯಲ್ಲಿ ಗರಗಸದ ಗುರುತು. ರಿಜಿಸ್ಟರಿನಲ್ಲಿ ಎಂಟು ಅಡಿ ಎಂದೇ ಇತ್ತು, ಕೆಳಗೆ ಸೂಪರ್‌ವೈಜರ್ ಸಾಹೇಬರ ಸಹಿ. ಉಳಿದ ಆರು ಅಡಿಯನ್ನು ಹುಡುಕಬೇಕಾಗಲಿಲ್ಲ. ನಮ್ಮ ಎಕ್ಸ್‌ಚೇಂಜಿನ ಹಿತ್ತಲಿನಲ್ಲಿ ಬಟ್ಟೆ ಒಣಗಿಸುವ ತಂತಿಗೆ ಅದು ಗೂಟವಾಗಿ ನಿಂತಿತ್ತು. ಎರಡು ತುಂಡು ಜೋಡಿಸಿದೆ, ಗರಗಸದ ಗುರುತು ಕೂಡಿತು. ತಂತಿಯ ಮೇಲೆ ಸಾಹೇಬರದೇ ಧೋತರ ಒಣಗುತ್ತಿತ್ತು.

“ದುರಸ್ತಿ ಆತು ಅಂತ ಒಂದ ಸಾಲ ಬರಿ ಸಾಕು,” ಎಂದರು ಸಾಹೇಬರು.

“ಒಂದ ಸಾಲ ಬರದ ಬರದ ಒಬ್ಬನ ಕಾಲ ಹೋಗೇತ್ರಿ,” ಎಂದೆ.

ಮೂರು ಪುಟ ಬರೆದೆ, ನನ್ನ ಸುಳ್ಳು ಸಹಿಯನ್ನೂ ಸೇರಿಸಿ. ಸಾಹೇಬರಿಗೆ ಆದದ್ದು ಬರೀ ವರ್ಗಾವಣೆ. ಆ ಸಿಟ್ಟು ಇಂದಿಗೂ ಆರಿಲ್ಲ. ಕುರ್ಚಿಯಲ್ಲಿ ಕೂತು ಹುಡುಕಿದರೆ ತಪ್ಪು ಯಾವಾಗಲೂ ದೂರದ ಬಡವರ ಕೈಯಲ್ಲೇ ಸಿಗುತ್ತದೆ; ನೌಕರಿ ನನಗೆ ಕಲಿಸಿದ್ದು ಇಷ್ಟೇ.

ಎಂಟು ಅಡಿಯ ಹೊಸ ಪೈಪು ಇಳಿಸಿದ ದಿನ, ‘ದೋಷ ಇಲಾಖೆಯದು, ಬಳಸುವವರದಲ್ಲ’ ಎಂಬ ಸರ್ಟಿಫಿಕೇಟನ್ನು ಮೊಹರು ಹಾಕಿ ಶಕುಂತಲಾಳ ಕೈಗೆ ಕೊಟ್ಟೆ. ನೀಲವ್ವ ಅದನ್ನು ಎರಡು ಸಲ ಓದಿಸಿ ಕೇಳಿದಳು.

“ನನ್ನ ಸೊಸಿ ಸುಳ್ಳ ಹೇಳಾಕಿ ಅಲ್ಲಂತ ನನಗ ಗೊತ್ತಿತ್ತು. ಇದನ್ನ ಒಯ್ದು ನಿಮ್ಮ ಸಾಹೇಬಗ ಓದಿ ಹೇಳ ತಮ್ಮಾ, ಅವಂಗ ಓದಾಕ ಬರ್ತೈತೋ ಇಲ್ಲೋ!”