ಬಜಗೋಳಿಯ ಬೋಟು ಹೊಳೆ ಸೇರಿದ್ದು

ದುರ್ಗಾಪರಮೇಶ್ವರಿ ಅಮ್ಮನನ್ನು ನಂಬಿದ ಎಲ್ಲರಿಗೂ ನಮಸ್ಕಾರ. ನನ್ನ ಮೊಮ್ಮಗಳು ಶ್ರಾವ್ಯ ಕಟ್ಟಿದ ಬೋಟು ಕಳೆದ ಬುಧವಾರ ಉದ್ಯಾವರ ಹೊಳೆಗೆ ಇಳಿಯಿತು. ಪ್ರವಾಸಿಗರನ್ನು ಕೂರಿಸಿಕೊಂಡು ಸುತ್ತುವ ದೊಡ್ಡ ಬೋಟು. ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಈ ಸಂತೋಷವನ್ನು ಬರೆದೇ ತಿಳಿಸಬೇಕು ಅನ್ನಿಸಿತು.

ಬಜಗೋಳಿಯಲ್ಲಿ ನಮ್ಮದು ಬಸ್ಸಿನ ಬಾಡಿ ಕಟ್ಟುವ ಶೆಡ್ಡು. ಶ್ರಾವ್ಯ ಅಲ್ಲೇ ಬೋಟು ಕಟ್ಟಲು ಹೊರಟಾಗ ಎತ್ತರದ ಅಳತೆ ನಾನು ಹಿಡಿದೆ. ದಾರಿಯ ಸ್ವಾಗತ ಕಮಾನಿಗಿಂತ ಒಂದು ಮೊಳ ಕಡಿಮೆ ಇಟ್ಟೆ. ಬಸ್ಸಿಗಾದರೆ ಚಕ್ರ ಅದರದ್ದೇ ಉಂಟು. ಬೋಟು ಲಾರಿಯ ಮೇಲೆ ಹೋಗಬೇಕು, ಲಾರಿಯ ಎತ್ತರವನ್ನೂ ಕೂಡಿಸಬೇಕು ಎಂಬುದು ನನ್ನ ತಲೆಗೆ ಹೋಗಲೇ ಇಲ್ಲ. ಅಜ್ಜ ನೋಡಿದ್ದಾರೆ ಎಂದು ಅವಳೂ ಪುನಃ ಅಳೆಯಲಿಲ್ಲ.

ಬೋಟಿನ ಯಜಮಾನರು ಮೊದಲೇ ಹೇಳಿದ್ದರು: "ಬುಧವಾರ ಸಮುದ್ರದ ಭರತ ಏರಿ ಹೊಳೆಯಲ್ಲಿ ನೀರು ತುಂಬಿದಾಗ ಇಳಿಯಬೇಕು. ಇಲ್ಲದಿದ್ದರೆ ನಮಗೆ ಬೇಡ, ಬೇರೆ ಕಡೆಯಿಂದ ತರಿಸುತ್ತೇವೆ."

ಆ ಬೆಳಿಗ್ಗೆ ಕಾರ್ಕಳ ದಾಟಿ ಸ್ವಲ್ಪ ಬರುವಾಗ ಕಮಾನಿನ ಮುಂದೆ ಲಾರಿ ನಿಂತಿತು. ಬೋಟು ಒಂದು ಮೊಳ ಎತ್ತರ ಹೆಚ್ಚು. ಶ್ರಾವ್ಯ ಎರಡು ಸಲ ಟೇಪು ಹಿಡಿದು ನೋಡಿದಳು. ನನ್ನ ಮುಖ ನೋಡಲಿಲ್ಲ.

"ಬೋಟಿನ ಟಾಪು ಬಿಚ್ಚಬೇಕು ಅಜ್ಜ. ನೂರಕ್ಕಿಂತ ಹೆಚ್ಚು ಬೋಲ್ಟು ಉಂಟು. ಲಾರಿ ಡ್ರೈವರ್ ಸೇರಿ ನಾವು ಮೂರೇ ಜನ. ಭರತ ಸಿಗುವುದಿಲ್ಲ."

ಹಿಂದೆ ಬಸ್ಸುಗಳು ಸಾಲು ನಿಂತವು. ಕಿಟಕಿಯಿಂದ ಒಬ್ಬರು, "ಎಂತ ಅಜ್ಜ, ಕಾರ್ಕಳಕ್ಕೂ ಸಮುದ್ರ ಬಂತಾ?" ಎಂದು ಕೇಳಿದರು.

ಲಾರಿಗೆ ಒರಗಿ ಕಣ್ಣು ಮುಚ್ಚಿದೆ. 'ದುರ್ಗಾಪರಮೇಶ್ವರಿ ಅಮ್ಮಾ, ತಪ್ಪು ನನ್ನದು. ಮಗುವಿನ ಎರಡು ವರ್ಷದ ಕೆಲಸ ಮಣ್ಣುಪಾಲು ಮಾಡಬೇಡ.' ಬೇರೆ ಮಂತ್ರ ನನಗೆ ಬರುವುದಿಲ್ಲ.

ಕಣ್ಣು ಬಿಟ್ಟರೆ ಮೊದಲ ಬಸ್ಸಿನ ಡ್ರೈವರ್ ಇಳಿದು ಬರುತ್ತಿದ್ದರು. ಬೈಗುಳಕ್ಕೆ ತಯಾರಾದೆ. ನಮ್ಮ ಕಡೆಯ ಬಸ್ಸಿನವರು ಒಂದು ನಿಮಿಷದ ಟೈಮಿಂಗಿಗೂ ನಡುರಸ್ತೆಯಲ್ಲಿ ಜಗಳ ಆಡುವವರು. ಆದರೆ ಇವರ ಕೈಯಲ್ಲಿ ಸ್ಪ್ಯಾನರ್ ಇತ್ತು.

"ಟಾಪಿಗೆ ಯಾವ ಸೈಜಿನ ಬೋಲ್ಟು ಮಾರಾಯರೆ?"

"ಬಸ್ಸಿಗೆ ಹಾಕುವುದೇ," ಅಂದೆ.

ಅವರು ಹಿಂದಿನ ಬಸ್ಸಿನ ಡ್ರೈವರನ್ನು ಕೂಗಿದರು: "ಏ ಸುರೇಶ, ನಿನ್ನ ಸ್ಪ್ಯಾನರ್ ತೆಗೆದುಕೊಂಡು ಬಾ."

"ನಿನ್ನೆ ನನ್ನ ಟೈಮಿನಲ್ಲಿ ನೀನು ಜನ ಹತ್ತಿಸಿದ್ದು ಮರೆತುಹೋಯಿತಾ?" ಎನ್ನುತ್ತಲೇ ಸುರೇಶ ಬೋಟು ಹತ್ತಿದರು.

ನಾಲ್ಕು ಬಸ್ಸಿನ ಡ್ರೈವರ್, ಕಂಡಕ್ಟರುಗಳು ಭುಜಕ್ಕೆ ಭುಜ ತಾಗಿಸಿ ಬೋಲ್ಟು ಬಿಚ್ಚಿದರು. ಪ್ರಯಾಣಿಕರು ಟಾಪನ್ನು ತುಂಡು ತುಂಡಾಗಿ ಇಳಿಸಿ ಬೋಟಿನೊಳಗೆ ಮಲಗಿಸಿದರು. ಒಂದು ಗಂಟೆ ಕೂಡ ಹಿಡಿಯಲಿಲ್ಲ. ಲಾರಿ ಕಮಾನು ದಾಟಿತು.

ಉದ್ಯಾವರದಲ್ಲಿ ಮಣಿಪಾಲದಿಂದ ಬಂದ ಕ್ರೇನು ಕಾಯುತ್ತಿತ್ತು. ಭರತ ಇಳಿಯುವ ಮೊದಲೇ ಬೋಟು ತೇಲಿತು. ಯಜಮಾನರು ಸುತ್ತ ನೋಡಿ, "ಟಾಪು ನಾಳೆ ಹಾಕಿದರೆ ಸಾಕು," ಅಂದರು.

ಅಮ್ಮ ಬರುವಾಗ ಹೂವಿನ ಪರಿಮಳ ಬರುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ನನಗೆ ಬಂದದ್ದು ಗ್ರೀಸಿನ ವಾಸನೆ. ಅವಳೇ ಬಂದದ್ದು ಎಂಬುದರಲ್ಲಿ ಸಂಶಯ ಇಲ್ಲ. ಅವಳಿಗೂ ಆ ಬಸ್ಸಿನವರಿಗೂ ಕೈ ಮುಗಿಯುತ್ತೇನೆ.

ಸಂಜೆ ಕಾಪುವಿನಲ್ಲಿ ಮಗನ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಸೊಸೆ ಬಂಗುಡೆ ಸಾರು ಮಾಡಿದ್ದಳು. ಅಳತೆಯ ಮಾತನ್ನು ಯಾರೂ ಎತ್ತಲಿಲ್ಲ. ಶ್ರಾವ್ಯ ದೊಡ್ಡ ಮೀನನ್ನು ಹುಡುಕಿ ನನ್ನ ಬಟ್ಟಲಿಗೆ ಹಾಕಿ, "ಉಣ್ಣಿ ಅಜ್ಜ, ಬೆಳಿಗ್ಗೆಯಿಂದ ನೀವು ಎಂತದೂ ತಿನ್ನಲಿಲ್ಲ," ಅಂದಳು.