ಲೋಟದ ಮೇಲಿನ ಚುಕ್ಕೆ

ಟಿಪ್ಸ್ ಕೊಡದ ಗಿರಾಕಿಗೆ ಗುರುತು ಹಾಕಲು ವರ್ನಾ ಪ್ರುಸಾಕ್ ಕೆಲಸ ಮಾಡುತ್ತಿದ್ದ ಹೋಟೆಲಿನಲ್ಲಿ ಒಂದು ಪದ್ಧತಿ ಇತ್ತು. ಅಲ್ಲಿ ಎಲ್ಲ ಮೇಜುಗಳ ಮೇಲೂ ಉಪ್ಪಿನ ಡಬ್ಬಿ ಸಕ್ಕರೆ ಡಬ್ಬಿಯ ಬಲಕ್ಕಿರಬೇಕು. ಅಂಥ ಗಿರಾಕಿ ಬಂದು ಕೂತರೆ, ಅವನನ್ನು ಮೊದಲು ಕಂಡ ಸಪ್ಲೈಯರ್ ನೀರಿಡುವ ನೆಪದಲ್ಲಿ ಉಪ್ಪನ್ನು ಎಡಕ್ಕೆ ಸರಿಸುತ್ತಿದ್ದಳು. ಮಾತಿಲ್ಲ, ಕಣ್ಸನ್ನೆಯಿಲ್ಲ. ಅಲ್ಲಿಂದ ಮುಂದೆ ಆ ಮೇಜಿಗೆ ಕಾಫಿ ತಡ. ಎರಡನೇ ಸಲ ತುಂಬಲು ಯಾರೂ ಹೋಗುತ್ತಿರಲಿಲ್ಲ. ಪೈ ಎಂಬ ಹಣ್ಣಿನ ಕಡುಬು ಕೇಳಿದರೆ ನಿನ್ನೆಯದು. ಆರ್ವಿಲ್ ಸ್ಟುಟ್ಜ್ ಎಂಬ ನಿವೃತ್ತ ರೈಲ್ವೆ ನೌಕರನಿಗೆ ಹನ್ನೊಂದು ವರ್ಷ ಉಪ್ಪು ಎಡಕ್ಕಿತ್ತು. ಆತ ಮಹಾ ಅಚ್ಚುಕಟ್ಟಿನ ಮನುಷ್ಯ, ಏಳುವ ಮುನ್ನ ಮೇಜಿನ ಮೇಲಿನದನ್ನೆಲ್ಲ ಒಪ್ಪ ಮಾಡಿ ಹೋಗುತ್ತಿದ್ದ ಎಂದು ವರ್ನಾ ನೆನಪಿಸಿಕೊಳ್ಳುತ್ತಾರೆ. ಪದ್ಧತಿ ಶುರು ಮಾಡಿದ್ದು ತಾವೇ ಎನ್ನುವುದನ್ನೂ ಅವರು ಮುಚ್ಚಿಡುವುದಿಲ್ಲ.

ವರ್ನಾಗೆ ಈಗ ಎಪ್ಪತ್ತೊಂದು. ಟೊಲೀಡೊ ನಗರದ ಲಗ್ರಾಂಜ್ ಬೀದಿಯ ಹಿಂದಿನ ಓಣಿಯಲ್ಲಿ, ಗಂಡ ಕಟ್ಟಿಸಿದ ಎರಡು ಕೋಣೆಯ ಮನೆಯಲ್ಲಿ ಇದ್ದಾರೆ. ಮೂವತ್ತೆಂಟು ವರ್ಷ ಹೆದ್ದಾರಿ ಬದಿಯ ಒಂದೇ ಹೋಟೆಲಿನಲ್ಲಿ ಬಡಿಸಿದವರು. ಆ ಕೆಲಸದಲ್ಲಿ ಮಾಲೀಕ ಕೊಡುತ್ತಿದ್ದುದು ಅರ್ಧ ಕೂಲಿ, ಉಳಿದರ್ಧವನ್ನು ಗಿರಾಕಿ ತಟ್ಟೆಯ ಕೆಳಗೆ ಬಿಟ್ಟು ಹೋಗಬೇಕು. ಮಗಳ ಹಲ್ಲಿಗೆ ತಂತಿ ಹಾಕಿಸಿದ್ದೂ, ಮನೆಗೆ ಹೊಸ ಸೂರು ಹೊದಿಸಿದ್ದೂ ತಟ್ಟೆಯ ಕೆಳಗಿನ ದುಡ್ಡೇ. ಹಾಗಾಗಿ ಟಿಪ್ಸಿನ ವಿಷಯದಲ್ಲಿ ಅವರಿಗೊಂದು ಕಟ್ಟುನಿಟ್ಟಾದ ಶಾಸ್ತ್ರವಿದೆ. ಮೇಜಿನ ತನಕ ನಡೆದು ಬಂದು ಬಡಿಸಿದವರಿಗೆ ನೂರಕ್ಕೆ ಇಪ್ಪತ್ತು, ಕೈಯಾರೆ, ತಿಂದಾದ ಮೇಲೆ. ಗಲ್ಲಾದ ಹಿಂದೆ ನಿಂತು ಎತ್ತಿಕೊಟ್ಟವರಿಗೆ ಪೂರ್ತಿ ಕೂಲಿ ಇದೆ, ಅವರಿಗೆ ಏನೂ ಇಲ್ಲ. ಕಾಫಿ ಕೈಗೆ ಬರುವ ಮೊದಲೇ ಕೊಡುವುದು ಟಿಪ್ಸ್ ಅಲ್ಲ, ಲಂಚ.

ಆರು ವರ್ಷದ ಹಿಂದೆ ಕೆಲಸ ಬಿಟ್ಟರು. ಮೊಣಕಾಲು ಎಂದು ಎಲ್ಲರಿಗೂ ಹೇಳಿದರು.

ಬಿಟ್ಟ ಮೇಲೆ ಲೋಕವೇ ಬೇರೆಯಾಯಿತು. ಮೊದಲು ಬ್ರೆಡ್ಡಿನ ಅಂಗಡಿಯಲ್ಲಿ, ಆಮೇಲೆ ಕಾರಿಗೆ ಎಣ್ಣೆ ಬದಲಿಸುವಲ್ಲಿ, ಹೂವಿನ ಸಸಿ ಮಾರುವಲ್ಲಿ, ಎಲ್ಲ ಕಡೆಯೂ ಗಲ್ಲಾದ ಮೇಲೊಂದು ಪುಟ್ಟ ಪರದೆ ಬಂತು. ದುಡ್ಡು ಕಟ್ಟುವ ಹೊತ್ತಿಗೆ ಅಲ್ಲಿದ್ದವರು ಅದನ್ನು ಗಿರಾಕಿಯ ಕಡೆ ತಿರುಗಿಸಿ, "ಇದು ನಿಮ್ಮನ್ನ ಒಂದು ಪ್ರಶ್ನೆ ಕೇಳುತ್ತೆ" ಎಂದು ಬೇರೆಲ್ಲೋ ನೋಡುತ್ತಾರೆ. ಟಿಪ್ಸಿಗೆಂದು ನೂರಕ್ಕೆ ಹದಿನೆಂಟು, ಇಪ್ಪತ್ತೆರಡು, ಇಪ್ಪತ್ತೈದು ಎಂಬ ದಪ್ಪ ಅಕ್ಷರದ ಮೂರು ಚೌಕ. ಅವುಗಳ ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ 'ಬೇಡ'. ವಿಮಾನ ನಿಲ್ದಾಣದಲ್ಲಿ ತಾವೇ ಕಪಾಟಿನಿಂದ ನೀರಿನ ಬಾಟಲಿ ತೆಗೆದು, ತಾವೇ ಯಂತ್ರಕ್ಕೆ ತೋರಿಸಿ, ತಾವೇ ಚೀಲಕ್ಕೆ ಹಾಕಿಕೊಂಡರೂ ಪರದೆ ಟಿಪ್ಸ್ ಕೇಳಿತಂತೆ. ಯಾರಿಗೆ ಎಂದು ವರ್ನಾ ಸುತ್ತ ನೋಡಿದರು. ಯಾರೂ ಇರಲಿಲ್ಲ. ಆ ದುಡ್ಡು ಎಲ್ಲಿಗೆ ಹೋಗುತ್ತದೆ ಎಂಬ ಸಂಶಯ ಅಂದು ಹೊಕ್ಕಿದ್ದು ಇನ್ನೂ ಹೊರಬಿದ್ದಿಲ್ಲ.

ಅವರ ಬೀದಿಯ ತುದಿಯಲ್ಲಿದ್ದ ಹಳೆಯ ಪೋಲಿಷ್ ಬೇಕರಿಯನ್ನು ಹೋದ ವರ್ಷ ಹೊಸಬರು ಕೊಂಡರು. ಪಿಂಗಾಣಿ ಕಪ್ಪು ಹೋಗಿ ಕಾಗದದ ಲೋಟ ಬಂತು, ಪರದೆಯೂ ಬಂತು. ಪ್ಲಮ್ ಜಾಮು ತುಂಬಿ ಕರಿದ ಪೂಂಚ್ಕಿ ಬನ್ನು ಮಾತ್ರ ಹಾಗೆಯೇ ಉಳಿಯಿತು. ಆದ್ದರಿಂದ ವರ್ನಾ ಹೋಗುವುದನ್ನು ಬಿಡಲಿಲ್ಲ. ಗಲ್ಲಾದಲ್ಲಿದ್ದವರು ರೂಫಸ್ ಟಾಲಿವರ್. ಗಾಜಿನ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಕುಲುಮೆ ಕಾದು, ಕಾರ್ಖಾನೆ ಮುಚ್ಚಿದ ಮೇಲೆ ಐವತ್ನಾಲ್ಕನೇ ವಯಸ್ಸಿನಲ್ಲಿ ಮೊದಲ ಬಾರಿಗೆ ಏಪ್ರನ್ ಕಟ್ಟಿದವರು. ಲೋಟದ ಮೇಲೆ ಗಿರಾಕಿಯ ಹೆಸರು ಬರೆಯುವುದು ಅವರೇ.

ವರ್ನಾ ಮೊದಲ ದಿನವೇ 'ಬೇಡ' ಒತ್ತಿದರು. ಎರಡನೇ ವಾರದಲ್ಲಿ ತಮ್ಮ ಲೋಟದ ಮೇಲೆ ಹೆಸರಿನ ಕೆಳಗೊಂದು ಕಪ್ಪು ಚುಕ್ಕೆ ಇರುವುದನ್ನು ಕಂಡರು. ಅಂದಿನಿಂದಲೇ ಕಾಫಿ ಕಡಿಮೆಯಾಯಿತು. ಅಂಚಿನಿಂದ ಎರಡು ಬೆರಳು ಕೆಳಕ್ಕೆ.

ಹಾವಿನ ಹೆಜ್ಜೆ ಹಾವೇ ಬಲ್ಲದು. ಬೇರೆ ಯಾರಾದರೂ ಆಗಿದ್ದರೆ ಆ ಚುಕ್ಕೆ ಕಣ್ಣಿಗೂ ಬೀಳುತ್ತಿರಲಿಲ್ಲ. ವರ್ನಾಗೆ ಅದು ಎಡಕ್ಕೆ ಸರಿಸಿದ ಉಪ್ಪಿನ ಡಬ್ಬಿ. ಬೀದಿಯವರು ತಮ್ಮ ಬಗ್ಗೆ ಏನಾದರೂ ಹೇಳಿಕೊಳ್ಳಲಿ, ಚಿಂತೆಯಿಲ್ಲ. ಆದರೆ ಏಪ್ರನ್ ಕಟ್ಟಿದವರು ತಮ್ಮನ್ನು ಜಿಪುಣಿ ಎಂದು ಗುರುತು ಹಾಕಿಕೊಳ್ಳುವುದನ್ನು ಅವರಿಂದ ನುಂಗಲಾಗಲಿಲ್ಲ. ಮೂವತ್ತೆಂಟು ವರ್ಷದಲ್ಲಿ ಸಂಪಾದಿಸಿದ ಹೆಸರೆಂದರೆ ಅವರ ನಡುವೆ ಇದ್ದದ್ದೇ, ಬೇರೆಲ್ಲೂ ಅಲ್ಲ.

ಅದೂ ಸಾಲದೆಂಬಂತೆ ರೂಫಸ್ ಇನ್ನೊಂದು ಶುರು ಮಾಡಿದ್ದರು. ವರ್ನಾ ಅರ್ಧ ಕುಡಿಯುವ ಹೊತ್ತಿಗೆ ಕಾಫಿಯ ಜಗ್ಗು ಹಿಡಿದು ಅವರ ಮೇಜಿಗೆ ಬಂದು ಲೋಟಕ್ಕೆ ಇನ್ನಷ್ಟು ಸುರಿದು ಹೋಗುವುದು. ಆ ಅಂಗಡಿಯಲ್ಲಿ ಮೇಜಿಗೆ ಬಂದು ಬಡಿಸುವ ಕ್ರಮವೇ ಇಲ್ಲ. ಬೇರೆ ಯಾರಿಗೂ ಹೀಗೆ ತುಂಬುತ್ತಿರಲಿಲ್ಲ. ಈ ಆಟವೂ ವರ್ನಾಗೆ ಗೊತ್ತಿತ್ತು. ಪೈಯನ್ನು ಮೊದಲು ಸಣ್ಣದಾಗಿ ಕತ್ತರಿಸುವುದು, ಆಮೇಲೆ "ನಿಮಗೇ ಅಂತ ತಂದೆ" ಎಂದು ಇನ್ನೊಂದು ಚೂರು ಇಡುವುದು. ಗಿರಾಕಿ ಕರಗಿ ಒಂದು ಡಾಲರು ಹೆಚ್ಚು ಬಿಡುತ್ತಾನೆ. ಆ ಆಟ ಆಡಿಯೇ ಅವರು ಎಷ್ಟೋ ಚಳಿಗಾಲ ಕಳೆದಿದ್ದರು. ತಮ್ಮದೇ ಕಾಫಿಯನ್ನು ಎರಡು ಕಂತಿನಲ್ಲಿ ಕೊಟ್ಟು ಉಪಕಾರ ಹೊರಿಸುತ್ತಿದ್ದಾನೆ ಎಂದುಕೊಂಡು, ಥ್ಯಾಂಕ್ಸ್ ಕೂಡ ಹೇಳದೆ ಕುಡಿಯುತ್ತಿದ್ದರು.

ಪರೀಕ್ಷೆ ಮಾಡಲು ನಿರ್ಧರಿಸಿದರು. ಮೂರು ದಿನ ಸತತವಾಗಿ, ಹಲ್ಲು ಕಚ್ಚಿಕೊಂಡು, ಇಪ್ಪತ್ತೆರಡರ ಚೌಕವನ್ನು ಒತ್ತಿದರು. ಚುಕ್ಕೆ ಹೋಗಲಿಲ್ಲ, ಕಾಫಿ ಏರಲಿಲ್ಲ. ಇದರಿಂದ ಅವರಿಗೆ ಎರಡು ವಿಷಯ ಹೊಳೆಯಿತು. ಒಂದು, ಪರದೆಯ ದುಡ್ಡು ರೂಫಸ್‌ಗೆ ತಲುಪುತ್ತಿಲ್ಲ, ಮಾಲೀಕ ನುಂಗುತ್ತಿದ್ದಾನೆ. ಇನ್ನೊಂದು, ಒಮ್ಮೆ ಬಿದ್ದ ಗುರುತು ಸುಲಭಕ್ಕೆ ಅಳಿಯುವುದಿಲ್ಲ. ಆರ್ವಿಲ್ ಸ್ಟುಟ್ಜ್ ಒಂದು ಕ್ರಿಸ್ಮಸ್ಸಿಗೆ ಐದು ಡಾಲರು ಬಿಟ್ಟಿದ್ದ. ಮರುದಿನವೂ ಉಪ್ಪು ಎಡಕ್ಕೇ ಇತ್ತು.

ಆಮೇಲೆ ಅರ್ಲೀನ್ ಅವರನ್ನು ಕಳಿಸಿದರು. ಅರ್ಲೀನ್ ಪಕ್ಕದ ಮನೆಯವರು, ಗುರುವಾರ ಗುರುವಾರ ಇಸ್ಪೀಟಿನ ಜೊತೆಗಾರ್ತಿ. ಐದು ದಿನ ಸತತವಾಗಿ ಹೋಗಿ 'ಬೇಡ' ಒತ್ತಬೇಕು, ಲೋಟವನ್ನು ತಂದು ತೋರಿಸಬೇಕು ಎಂದು ಹೇಳಿದ್ದಾಯಿತು. ಐದು ಲೋಟ ಬಂದವು. ಐದೂ ಅಂಚಿನ ತನಕ ತುಂಬಿದ್ದವಂತೆ. ಒಂದರ ಮೇಲೂ ಚುಕ್ಕೆಯಿಲ್ಲ.

"ಒಂದು ಚುಕ್ಕೆಗೆ ಪೊಲೀಸ್ನೋರೂ ಇಷ್ಟು ತನಿಖೆ ಮಾಡಲ್ಲ ಕಣೆ. ಮನೇಲೇ ಕಾಫಿ ಕುಡಿಯೋಕೇನು ರೋಗ ನಿಂಗೆ?" ಎಂದರು ಅರ್ಲೀನ್.

ವರ್ನಾಗೆ ನಗು ಬರಲಿಲ್ಲ. ಟಿಪ್ಸ್ ಕೊಡದ ಅರ್ಲೀನ್‌ಗೆ ಗುರುತಿಲ್ಲ, ಕೊಟ್ಟ ತಮಗೆ ಇದೆ. ಹಾಗಾದರೆ ಇದು ಅಂಗಡಿಯ ಪದ್ಧತಿಯಲ್ಲ. ಆ ಮನುಷ್ಯನಿಗೆ ತಮ್ಮ ಮೇಲೆಯೇ ಏನೋ ಇದೆ.

ಮಂಗಳವಾರ ಹತ್ತು ಗಂಟೆಗೆ, ಅಂಗಡಿ ಖಾಲಿಯಿರುವ ಹೊತ್ತು ನೋಡಿ ಹೋದರು. 'ಬೇಡ' ಒತ್ತಿದರು. ಲೋಟ ಬಂದಾಗ ಅದನ್ನು ಮೇಜಿಗೆ ಒಯ್ಯದೆ ಗಲ್ಲಾದ ಮೇಲೇ ಇಟ್ಟು, ಚುಕ್ಕೆಯ ಮೇಲೆ ಬೆರಳಿಟ್ಟರು.

"ಇದೇನು?"

"ಚುಕ್ಕೆ," ಎಂದರು ರೂಫಸ್.

"ಚುಕ್ಕೆ ಅಂತ ನಂಗೂ ಕಾಣುತ್ತೆ. ಯಾರಿಗೆ ಹೇಳೋಕೆ ಇಟ್ಟಿದೀಯ ಇದನ್ನ? ಮೂವತ್ತೆಂಟು ವರ್ಷ ಬಡಿಸಿದೀನಪ್ಪ, ನಂಗೆ ಆಟ ಕಲಿಸ್ಬೇಡ."

ರೂಫಸ್ ಕೈ ಒರೆಸಿಕೊಂಡರು. ಒಮ್ಮೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ಎರಡು ಬೆರಳು ಕಮ್ಮಿ ತುಂಬಿ ಅಂತ. ಮಿಷನ್ ಹತ್ರ ಯಾವಾಗ್ಲೂ ನಾನೇ ಇರ್ತೀನಿ ಅಂತೇನಿಲ್ಲ. ಯಾರಿದ್ರೂ ಗೊತ್ತಾಗ್ಲಿ ಅಂತ."

"ನಂಗ್ಯಾಕೆ ಕಮ್ಮಿ?"

"ಮೊದಲನೇ ವಾರ ಚೆಲ್ಲಿತ್ತಲ್ಲ, ಮಿಸ್ ವರ್ನಾ. ಸ್ಕಾರ್ಫಲ್ಲಿ ಒರೆಸಿ ಅದನ್ನ ಬ್ಯಾಗಿಗೆ ತುರುಕ್ಕೊಂಡ್ರಿ. ನಮ್ಮಮ್ಮನ ಕೈನೂ ಹಾಗೇ ನಡುಗ್ತಿತ್ತು. ಕೇಳಿದ್ರೆ ಬೈಯ್ತಿದ್ಳು. ಅದಕ್ಕೇ ನಿಮ್ಮನ್ನ ಕೇಳ್ಲಿಲ್ಲ."

ವರ್ನಾ ತಮ್ಮ ಬಲಗೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡರು. ಆರು ವರ್ಷದ ಹಿಂದೆ ಆ ಕೈಯಿಂದಲೇ ಬಿಸಿ ಕಾಫಿ ಒಬ್ಬ ಲಾರಿ ಚಾಲಕನ ತೊಡೆಯ ಮೇಲೆ ಬಿದ್ದಿತ್ತು. ಮಾಲೀಕ ಏನೂ ಅನ್ನಲಿಲ್ಲ, ಮರುದಿನ ತಾವೇ ಏಪ್ರನ್ ಬಿಚ್ಚಿಟ್ಟು ಬಂದರು. ಮೊಣಕಾಲಿನ ಕಥೆ ಅರ್ಲೀನ್ ಕೂಡ ನಂಬಿದ್ದರು. ಮಗಳೂ ನಂಬಿದ್ದಳು.

"ಪೂರ್ತಿ ಲೋಟದ ದುಡ್ಡು ತಗೊಂಡು ಮುಕ್ಕಾಲು ಕೊಡೋದು ಯಾವ ನ್ಯಾಯ?" ಎಂದರು ಕೊನೆಗೆ.

"ಉಳಿದಿದ್ದನ್ನ ಮೇಜಿಗೆ ತಂದು ಹಾಕ್ತೀನಲ್ಲ."

"ಜಿಪುಣಿ ಅಂತ ಬರೆದಿದ್ರೂ ವಾಸಿಯಿತ್ತು."

"ಅದಕ್ಕೆ ಚುಕ್ಕೆ ಯಾಕೆ?" ಎಂದರು ರೂಫಸ್. "ಅದಾದ್ರೆ ಅರ್ಧ ಬೀದಿಗೆ ಇಡ್ಬೇಕಾಗುತ್ತೆ."

ವರ್ನಾ ನಂಬಿದರೇ? ಪೂರ್ತಿ ಇಲ್ಲ. ಮುಂದಿನ ಎರಡು ದಿನ ಮೂಲೆಯ ಮೇಜಿನಲ್ಲಿ ಪೂಂಚ್ಕಿ ಮುರಿಯುತ್ತ, ಬೇರೆಯವರ ಲೋಟಗಳನ್ನು ನೋಡುತ್ತ ಕೂತರು. ಮುರಿದ ಕೈಯನ್ನು ಕೊರಳಿನ ಪಟ್ಟಿಗೆ ತೂಗುಹಾಕಿಕೊಂಡ ಒಬ್ಬ ಯುವಕನ ಲೋಟದ ಮೇಲೆ ಚುಕ್ಕೆ ಕಂಡಿತು. ಅವನು ಪರದೆಯಲ್ಲಿ ಏನು ಒತ್ತಿದ ಎಂಬುದು ಮಾತ್ರ ಅಲ್ಲಿಂದ ಕಾಣಲಿಲ್ಲ.

ಎರಡನೇ ದಿನ ರೂಫಸ್ ಎಂದಿನಂತೆ ಜಗ್ಗು ಹಿಡಿದು ಬಂದು ಲೋಟ ತುಂಬಿಸಿ ಹೋದರು. ಆಗ ವರ್ನಾಗೆ ಎರಡು ಯೋಚನೆ ಒಟ್ಟಿಗೆ ಬಂದವು. ಮೊದಲನೆಯದು ಆರ್ವಿಲ್ ಸ್ಟುಟ್ಜ್‌ನದು. ಏಳುವ ಮುನ್ನ ಆತ ಮೇಜನ್ನು ಒಪ್ಪ ಮಾಡುತ್ತಿದ್ದುದೆಂದರೆ, ಉಪ್ಪಿನ ಡಬ್ಬಿಯನ್ನು ಎತ್ತಿ ಮತ್ತೆ ಬಲಕ್ಕೆ ಇಡುತ್ತಿದ್ದುದು. ಹನ್ನೊಂದು ವರ್ಷವೂ, ಒಂದು ಮಾತೂ ಆಡದೆ. ಆತನಿಗೆ ಗೊತ್ತಿತ್ತು.

ಎರಡನೆಯದು ಅವರದೇ ಶಾಸ್ತ್ರ. ಮೇಜಿನ ತನಕ ನಡೆದು ಬಂದು ಬಡಿಸಿದವರಿಗೆ ನೂರಕ್ಕೆ ಇಪ್ಪತ್ತು, ತಿಂದಾದ ಮೇಲೆ. ಈ ಮನುಷ್ಯ ತಿಂಗಳುಗಟ್ಟಲೆ ತಮ್ಮ ಮೇಜಿಗೆ ನಡೆದು ಬಂದಿದ್ದ.

ವರ್ನಾ ಒಂದು ಡಾಲರಿನ ಹತ್ತು ನೋಟು ತೆಗೆದು ಉದ್ದಕ್ಕೆ ಮಡಚಿ, ಖಾಲಿ ಲೋಟದ ಕೆಳಗೆ ತುದಿ ಮಾತ್ರ ಕಾಣುವಂತೆ ಇಟ್ಟರು. ಬಡಿಸುವವರು ನೋಡಿದ ತಕ್ಷಣ ಗೊತ್ತಾಗಬೇಕು, ಹಾದುಹೋಗುವವರಿಗೆ ಗೊತ್ತಾಗಬಾರದು, ಹಾಗಿಡುವುದೇ ಕ್ರಮ. ಇಟ್ಟು, ತಿರುಗಿ ನೋಡದೆ ಹೊರಟರು.

ಕಾರಿನ ಬಾಗಿಲು ತೆಗೆಯುವಷ್ಟರಲ್ಲಿ ರೂಫಸ್ ಏಪ್ರನ್‌ನಲ್ಲೇ ಓಡಿ ಬಂದರು. ಕೈಯಲ್ಲಿ ನೋಟುಗಳಿದ್ದವು.

"ಮಿಸ್ ವರ್ನಾ, ದುಡ್ಡು ಮರೆತ್ರಿ."

ಟಿಪ್ಸ್ ಹಿಡಿದು ಗಿರಾಕಿಯ ಹಿಂದೆ ಓಡಿ ಬಂದವರನ್ನು ವರ್ನಾ ಜನ್ಮದಲ್ಲಿ ಕಂಡಿರಲಿಲ್ಲ. ಇದೂ ಒಂದು ನಾಟಕವೇ ಎಂದು ಅವರ ಮುಖವನ್ನೇ ನೋಡಿದರು. ರೂಫಸ್ ಏದುಸಿರು ಬಿಡುತ್ತಿದ್ದರು. ಕುಲುಮೆಯ ಮುಂದೆ ಇಪ್ಪತ್ತಾರು ವರ್ಷ ನಿಂತವರಿಗೆ ಯಾರೂ ತಟ್ಟೆಯ ಕೆಳಗೆ ನೋಟು ಇಟ್ಟಿರುವುದಿಲ್ಲ.

"ಅದು ನಿಂದು," ಎಂದರು ವರ್ನಾ.

"ನಂಗ್ಯಾಕೆ? ನೀವು ಪರದೇಲಿ ಬೇಡ ಅಂತ ಒತ್ತಿದ್ರಲ್ಲ."

"ಹಾಗಾದ್ರೆ ನೀನು ನೋಡ್ತಿದ್ದೆ."

ರೂಫಸ್ ತಡವರಿಸಿದರು. "ಪರದೆ ಮೂಗಿನ ಕೆಳಗೇ ಇರುತ್ತೆ. ಕಣ್ಣು ಎಲ್ಲಿ ಇಟ್ಕೊಳ್ಲಿ?"

ಅಷ್ಟು ದಿನದ ಸಂಶಯಗಳಲ್ಲಿ ಒಂದಾದರೂ ನಿಜವಾಯಿತೆಂದು ವರ್ನಾಗೆ ಸಮಾಧಾನವಾದಂತಿತ್ತು. ದುಡ್ಡನ್ನು ಗಲ್ಲಾದ ಡಬ್ಬಿಗೆ ಹಾಕಬೇಡ, ಮಾಲೀಕನಿಗೆ ತೋರಿಸಬೇಡ, ನೇರ ಜೇಬಿಗೆ ಇಡು ಎಂದು ಹೇಳಿಕೊಟ್ಟರು. ಇನ್ನು ಮೇಲೆ ಲೋಟ ಎತ್ತುವ ಮೊದಲು ಕೆಳಗೆ ನೋಡಬೇಕು, ಓಡಬಾರದು ಎಂದರು.

ಮರುದಿನ ರೂಫಸ್ ಪರದೆಯನ್ನು ತಿರುಗಿಸಿದಾಗ, ವರ್ನಾ ಅವರ ಕಣ್ಣನ್ನೇ ನೋಡುತ್ತ 'ಬೇಡ' ಒತ್ತಿದರು. ಲೋಟ ಬಂತು, ಹೆಸರಿತ್ತು, ಚುಕ್ಕೆಯಿತ್ತು. ಅದನ್ನು ಮೊದಲ ಬಾರಿಗೆ ಎಲ್ಲರೆದುರು ಎರಡೂ ಕೈಯಿಂದ ಹಿಡಿದು ಮೇಜಿಗೆ ಒಯ್ದರು. ಕೂತ ಮೇಲೆ ಲೋಟದೊಳಗೆ ಬೆರಳು ಅಡ್ಡ ಹಿಡಿದು, ಕಾಫಿ ಅಂಚಿನಿಂದ ಎಷ್ಟು ಕೆಳಗಿದೆ ಎಂದು ಅಳೆದರು. ಎರಡೇ ಬೆರಳು ಇತ್ತು.